ದೊಡ್ಡ ಫ್ಲಾಟ್-ಪ್ಯಾಕ್ ಫರ್ನಿಚರ್ ಅಂಗಡಿಯಲ್ಲಿ ಖರೀದಿ: ಮನೆಯ ಅಳತೆಯಿಂದ ಕೊನೆಯ ಸ್ಕ್ರೂವರೆಗೆ

ಫ್ಲಾಟ್-ಪ್ಯಾಕ್ ಅಂದರೆ ಬಿಡಿ ಭಾಗಗಳಾಗಿ ಚಪ್ಪಟೆ ಪೆಟ್ಟಿಗೆಯಲ್ಲಿ ಬಂದು, ಮನೆಯಲ್ಲಿ ನಾವೇ ಜೋಡಿಸಿಕೊಳ್ಳುವ ಫರ್ನಿಚರ್. ಇಂಥ ಅಂಗಡಿಯಲ್ಲಿ ಕಣ್ಣಿಗೆ ಕಾಣುವುದು ಮಂಚ, ಸೋಫಾ, ಬೀರು. ಮನೆಗೆ ಬರುವುದು ರಟ್ಟಿನ ಪೆಟ್ಟಿಗೆಗಳು. ಇದನ್ನು ಮರೆತವರೇ ಆಮೇಲೆ ಒದ್ದಾಡುವುದು. ಬಣ್ಣ ನೋಡಿರುತ್ತಾರೆ, ಬೆಲೆ ನೋಡಿರುತ್ತಾರೆ, ಕೂತು ಎದ್ದು ಎಲ್ಲ ಮಾಡಿರುತ್ತಾರೆ, ಆದರೆ ಅದು ಎಷ್ಟು ಪೆಟ್ಟಿಗೆಯಲ್ಲಿ ಬರುತ್ತದೆ, ಒಂದೊಂದು ಎಷ್ಟು ಉದ್ದ, ಎಷ್ಟು ಭಾರ, ಕಾರಿನಲ್ಲಿ ಹಿಡಿಸುತ್ತದಾ, ಮೆಟ್ಟಿಲಿನ ತಿರುವಿನಲ್ಲಿ ತಿರುಗುತ್ತದಾ ಅನ್ನುವುದನ್ನು ಮಾತ್ರ ನೋಡಿರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ನಾನು ಮತ್ತೆ ಮತ್ತೆ ಪೆಟ್ಟಿಗೆಯ ಮಾತಿಗೆ ಬರುತ್ತೇನೆ.

ಈ ವ್ಯಾಪಾರ ನಿಂತಿರುವುದೇ ಪೆಟ್ಟಿಗೆಯ ಮೇಲೆ. ಎಲ್ಲರಿಗೂ ಗೊತ್ತಿರುವ ಐಕಿಯಾ ಕಂಪನಿಯನ್ನೇ ತಗೊಳ್ಳಿ. ಸ್ವೀಡನ್ನಿನ ಇಂಗ್ವಾರ್ ಕಾಂಪ್ರಾಡ್ ಅದನ್ನು 1943ರಲ್ಲಿ ಶುರು ಮಾಡಿದಾಗ ಅವರಿಗೆ 17 ವರ್ಷ. ಬಿಚ್ಚಿ ಚಪ್ಪಟೆಯಾಗಿ ಪ್ಯಾಕ್ ಮಾಡುವ ಪದ್ಧತಿಗೆ ಅವರು ಬಂದದ್ದು 1956ರಲ್ಲಿ. ಟೇಬಲ್ ಕಾರಿನಲ್ಲಿ ಹಿಡಿಸಲಿಲ್ಲ ಅಂತ ಅಲ್ಲಿನ ವಿನ್ಯಾಸಕಾರ ಗಿಲ್ಲಿಸ್ ಲುಂಡ್‌ಗ್ರೆನ್ ಅದರ ಕಾಲು ಬಿಚ್ಚಿದ ಕಥೆಯನ್ನು ಕಂಪನಿ ಈಗಲೂ ಹೇಳಿಕೊಳ್ಳುತ್ತದೆ. ಜೋಡಿಸಿದ ಬೀರುವನ್ನು ಲಾರಿಯಲ್ಲಿ ಸಾಗಿಸಿದರೆ ಬಹುಪಾಲು ಸಾಗಿಸುವುದು ಅದರೊಳಗಿನ ಗಾಳಿಯನ್ನು. ಚಪ್ಪಟೆ ಮಾಡಿದರೆ ಅದೇ ಲಾರಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಹಿಡಿಸುತ್ತದೆ. ಜೊತೆಗೆ ಅಂಗಡಿಯ ಗೋದಾಮಿನಿಂದ ಎತ್ತುವ, ಮನೆಗೆ ಸಾಗಿಸುವ, ಜೋಡಿಸುವ ಕೆಲಸವೆಲ್ಲ ಗ್ರಾಹಕರ ಪಾಲಿಗೆ ಬಂತು. ಬೆಲೆ ಕಡಿಮೆ ಇರುವುದಕ್ಕೆ ಇದೂ ದೊಡ್ಡ ಕಾರಣ. ಆ ಉಳಿತಾಯ ನಿಜವಾಗಿ ಕೈಗೆ ಸಿಗಬೇಕಾದರೆ ನಿಮ್ಮ ಪಾಲಿನ ಕೆಲಸವನ್ನು ನೀವು ಸರಿಯಾಗಿ ಮಾಡಬೇಕು.

1. ಮೊದಲು ಮನೆಯಲ್ಲಿ ಟೇಪು ಹಿಡಿಯಿರಿ

ಇಡೀ ಖರೀದಿಯಲ್ಲಿ ಅತಿ ಮುಖ್ಯವಾದ ಒಂದು ಗಂಟೆ ಇದು. ಅಂಗಡಿಯಲ್ಲಿ ಎಲ್ಲ ಅಳತೆಯೂ ಸೆಂಟಿಮೀಟರಿನಲ್ಲಿ ಇರುವುದರಿಂದ ನೀವೂ ಅದರಲ್ಲೇ ಬರೆದುಕೊಳ್ಳಿ. ಅಡಿ ಇಂಚಿನ ಲೆಕ್ಕ ಹಾಕುತ್ತಾ ಅಲ್ಲಿ ನಿಂತರೆ ತಪ್ಪಾಗುವುದು ಖಚಿತ.

ಗೋಡೆಯ ಅಗಲವನ್ನು ನೆಲದ ಹತ್ತಿರ ಒಮ್ಮೆ, ಎದೆಯ ಎತ್ತರದಲ್ಲಿ ಒಮ್ಮೆ ಅಳೆಯಿರಿ. ಎರಡೂ ಒಂದೇ ಇರುತ್ತವೆ ಅಂತ ನಂಬಬೇಡಿ, ಗೋಡೆಗಳು ಅಷ್ಟು ನೇರ ಇರುವುದಿಲ್ಲ. ಸಿಕ್ಕಿದ್ದರಲ್ಲಿ ಚಿಕ್ಕ ಅಳತೆಯೇ ನಿಮ್ಮ ಅಳತೆ. ಗೋಡೆಯ ಬುಡದ ಪಟ್ಟಿ ಎಷ್ಟು ಮುಂದೆ ಬಂದಿದೆ ನೋಡಿ. ಅದು 1 ಸೆಂ.ಮೀ. ಇದ್ದರೂ ಬೀರು ಗೋಡೆಯಿಂದ ಅಷ್ಟು ದೂರ ನಿಲ್ಲುತ್ತದೆ. ಸ್ವಿಚ್ ಬೋರ್ಡ್, ಪ್ಲಗ್ಗು, ಕಿಟಕಿಯ ಕೆಳ ಅಂಚು ಎಷ್ಟು ಎತ್ತರದಲ್ಲಿವೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ತೆರೆದಾಗ ಎಲ್ಲಿವರೆಗೆ ಬರುತ್ತದೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಒರಟಾಗಿ ಚಿತ್ರ ಬರೆದು ಗುರುತು ಹಾಕಿ. ಚಿತ್ರ ಚೆನ್ನಾಗಿರಬೇಕಿಲ್ಲ, ಅಂಕಿ ಸರಿಯಿದ್ದರೆ ಸಾಕು.

ಆಮೇಲೆ ಫರ್ನಿಚರ್ ಕೂರುವ ಜಾಗಕ್ಕೆ ನೆಲದ ಮೇಲೆ ಸುಲಭವಾಗಿ ಕಿತ್ತು ಬರುವ ಟೇಪು ಅಂಟಿಸಿ, ಇಲ್ಲ ಹಳೇ ನ್ಯೂಸ್‌ಪೇಪರ್ ಹಾಸಿ. 90 ಸೆಂ.ಮೀ. ಆಳದ ಸೋಫಾ ಅಂದರೆ ಕಾಗದದ ಮೇಲೆ ಏನೂ ಅನಿಸುವುದಿಲ್ಲ, ಆದರೆ ನೆಲದ ಮೇಲೆ ಗುರುತು ಹಾಕಿ ಅದರ ಸುತ್ತ ಎರಡು ದಿನ ಓಡಾಡಿದರೆ ಅದು ಎಷ್ಟು ಜಾಗ ತಿನ್ನುತ್ತದೆ ಅಂತ ಕಾಲಿಗೇ ಗೊತ್ತಾಗುತ್ತದೆ. ಡ್ರಾಯರ್ ಎಳೆದಾಗ ಮುಂದೆ ನಿಲ್ಲಲು ಜಾಗ ಬೇಕು. ಊಟದ ಕುರ್ಚಿ ಹಿಂದಕ್ಕೆ ತಳ್ಳಿ ಏಳಲು ಟೇಬಲ್ಲಿನ ಅಂಚಿನಿಂದ ಗೋಡೆಗೆ ಕನಿಷ್ಠ 75 ಸೆಂ.ಮೀ. ಬೇಕು, ಹಿಂದೆ ಒಬ್ಬರು ಹಾದು ಹೋಗಬೇಕಾದರೆ ಅದಕ್ಕಿಂತ ಜಾಸ್ತಿ.

ಎತ್ತರದ ಬೀರುವಿನ ವಿಷಯ ಬೇರೆಯೇ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬಹಳಷ್ಟು ಬೀರುಗಳನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸಬೇಕು. ಹೀಗೆ ಎತ್ತುವಾಗ ಚಾವಣಿಗೆ ತಾಗುವುದು ಅದರ ಎತ್ತರದ ಬದಿ ಅಲ್ಲ, ಮೂಲೆಯಿಂದ ಮೂಲೆಗೆ ಇರುವ ಕರ್ಣ. 236 ಸೆಂ.ಮೀ. ಎತ್ತರ, 58 ಸೆಂ.ಮೀ. ಆಳದ ಬೀರು ಅಂದುಕೊಳ್ಳಿ. ಅದರ ಕರ್ಣ 243 ಸೆಂ.ಮೀ. ಆಗುತ್ತದೆ. ನಿಮ್ಮ ಚಾವಣಿ 240 ಸೆಂ.ಮೀ. ಇದ್ದರೆ ನಿಂತ ಬೀರುವಿಗೆ ಜಾಗ ಇದೆ, ಆದರೆ ಅದನ್ನು ನಿಲ್ಲಿಸಲು ಜಾಗ ಇಲ್ಲ! ಫ್ಯಾನು, ಲೈಟು ನೇತಾಡುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲವು ಮಾದರಿಗಳನ್ನು ನಿಲ್ಲಿಸಿಕೊಂಡೇ ಜೋಡಿಸಬಹುದು. ಕೈಪಿಡಿ ಅಂಗಡಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ, ಕೊಳ್ಳುವ ಮುಂಚೆಯೇ ತೆರೆದು ನೋಡಿ.

ಕೊನೆಯದಾಗಿ ದಾರಿ. ಹೊರಬಾಗಿಲು, ಒಳಬಾಗಿಲು, ಲಿಫ್ಟಿನ ಒಳ ಅಳತೆ, ಮೆಟ್ಟಿಲಿನ ಅತಿ ಇಕ್ಕಟ್ಟಾದ ತಿರುವು. ಚಪ್ಪಟೆ ಪೆಟ್ಟಿಗೆ ಅಂದರೆ ತೆಳ್ಳಗಿರುತ್ತದೆ, ನಿಜ. ಆದರೆ 2 ಮೀಟರ್ ಎತ್ತರದ ಕಪಾಟಿನ ಪೆಟ್ಟಿಗೆ 2 ಮೀಟರ್‌ಗಿಂತ ಒಂದಿಷ್ಟು ಉದ್ದವೇ ಇರುತ್ತದೆ, ಅದನ್ನು ಯಾರೂ ಮಡಚಲು ಆಗುವುದಿಲ್ಲ.

2. ಪಟ್ಟಿ ಮಾಡಿ, ಹೆಸರಿಗಿಂತ ನಂಬರು ಮುಖ್ಯ

ವೆಬ್‌ಸೈಟು ಅಥವಾ ಆ್ಯಪಿನಲ್ಲಿ ನಿಮಗೆ ಬೇಕಾದ್ದನ್ನು ಹುಡುಕಿ ಪಟ್ಟಿಗೆ ಸೇರಿಸಿಕೊಳ್ಳಿ. ಒಂದೇ ಹೆಸರಿನ ಕಪಾಟು ನಾಲ್ಕಾರು ಬಣ್ಣ, ಮೂರು ಅಗಲ, ಎರಡು ಎತ್ತರದಲ್ಲಿ ಇರುತ್ತದೆ. ಪ್ರತಿಯೊಂದಕ್ಕೂ ಬೇರೆ ನಂಬರು. ಐಕಿಯಾದಲ್ಲಿ ಇದು ಎಂಟು ಅಂಕಿಯದು. ಗೋದಾಮಿನಲ್ಲಿ ಒಂದೇ ರೀತಿ ಕಾಣುವ ಕಂದು ಪೆಟ್ಟಿಗೆಗಳ ಮುಂದೆ ನಿಂತಾಗ ನಿಮ್ಮನ್ನು ಕಾಪಾಡುವುದು ಆ ನಂಬರು ಮಾತ್ರ.

ಪ್ರತಿ ವಸ್ತುವಿನ ಪುಟದಲ್ಲಿ ಪ್ಯಾಕೇಜಿನ ವಿವರ ಅಂತ ಒಂದು ಭಾಗ ಇರುತ್ತದೆ. ಜನ ನೋಡದೇ ಬಿಡುವುದು ಅದನ್ನೇ. ಎಷ್ಟು ಪೆಟ್ಟಿಗೆ, ಒಂದೊಂದರ ಉದ್ದ ಅಗಲ ದಪ್ಪ, ತೂಕ ಎಲ್ಲ ಅಲ್ಲೇ ಬರೆದಿರುತ್ತದೆ. ಇದನ್ನು ಪಟ್ಟಿಯ ಪಕ್ಕದಲ್ಲೇ ಗುರುತು ಮಾಡಿಕೊಳ್ಳಿ. ಎಲ್ಲದರ ತೂಕ ಕೂಡಿದಾಗ ಬರುವ ಮೊತ್ತ ನೋಡಿ ತುಂಬ ಜನ ಅಲ್ಲೇ ಡೆಲಿವರಿ ತಗೊಳ್ಳುವ ತೀರ್ಮಾನಕ್ಕೆ ಬರುತ್ತಾರೆ, ಅದು ಒಳ್ಳೆಯ ತೀರ್ಮಾನವೇ.

ಸ್ಟಾಕ್ ಇದೆಯಾ ಅಂತ ಹೊರಡುವ ದಿನ ಬೆಳಿಗ್ಗೆ ನೋಡಿ. ಹಿಂದಿನ ವಾರ ನೋಡಿದ್ದಕ್ಕೆ ಬೆಲೆ ಇಲ್ಲ. ಒಂದೋ ಎರಡೋ ಉಳಿದಿದೆ ಅಂತ ತೋರಿಸಿದರೆ ಅದನ್ನು ನೆಚ್ಚಿಕೊಳ್ಳಬೇಡಿ. ಅದು ಯಾರದ್ದೋ ಟ್ರಾಲಿಯಲ್ಲಿ ಇರಬಹುದು, ಪೆಟ್ಟಿಗೆ ಒಡೆದು ಪಕ್ಕಕ್ಕೆ ಇಟ್ಟಿರಬಹುದು.

3. ಯಾವಾಗ, ಯಾರ ಜೊತೆ, ಯಾವ ಗಾಡಿಯಲ್ಲಿ

ವಾರದ ದಿನ, ಅಂಗಡಿ ತೆರೆದ ಕೂಡಲೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ರಜಾದಿನದ ಮಧ್ಯಾಹ್ನ ಹೋದರೆ ಜನದ ಮಧ್ಯೆ ನಿಧಾನವಾಗಿ ಒಂದು ಸೋಫಾದ ಮೇಲೆ ಕೂರಲೂ ಆಗುವುದಿಲ್ಲ. ಸರಿಯಾಗಿ ನೋಡಿ ಬರಲು ಮೂರು ಗಂಟೆಯಾದರೂ ಬೇಕು. ಅದರಲ್ಲಿ ಹೆಚ್ಚಿನದು ನಡಿಗೆ, ಹಾಗಾಗಿ ಚಪ್ಪಲಿ ಅಲ್ಲ, ಒಳ್ಳೆಯ ಶೂ ಹಾಕಿಕೊಳ್ಳಿ. ಗೋದಾಮಿನಲ್ಲಿ ಭಾರ ಎತ್ತುವಾಗಲೂ ಕಾಲಿಗೆ ಅದೇ ರಕ್ಷಣೆ. ಹಸಿದುಕೊಂಡು ಹೋಗಬೇಡಿ. ದಣಿದಾಗ ಮಾಡುವ ತೀರ್ಮಾನಗಳು ಬಹಳ ದುಬಾರಿ ಬೀಳುತ್ತವೆ.

ಇಬ್ಬರು ಹೋಗಿ. ಒಬ್ಬರು ಸಾಲದು, ಐದು ಜನ ಜಾಸ್ತಿ.

ಗಾಡಿಯ ಅಳತೆಯನ್ನೂ ಮನೆಯಲ್ಲೇ ತಗೊಳ್ಳಿ. ಹಿಂದಿನ ಸೀಟು ಮಡಚಿ, ಡಿಕ್ಕಿಯ ಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ ಎಷ್ಟಿದೆ? ಡಿಕ್ಕಿಯ ಬಾಯಿ ಎಷ್ಟು ಅಗಲ, ಎಷ್ಟು ಎತ್ತರ? ಒಳಗೆ ವಿಶಾಲವಾಗಿದ್ದು ಬಾಯಿ ಸಣ್ಣದಿರುವ ಕಾರುಗಳೇ ಜಾಸ್ತಿ, ಪೆಟ್ಟಿಗೆ ಸಿಕ್ಕಿಕೊಳ್ಳುವುದೂ ಅಲ್ಲೇ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿದರೆ ಉದ್ದದ ಪೆಟ್ಟಿಗೆಗೆ ಜಾಗ ಆಗುತ್ತದೆ, ಆದರೆ ಆಗ ಆ ಸೀಟಿನವರು ಹೇಗೆ ವಾಪಸ್ ಬರುತ್ತಾರೆ ಅಂತಲೂ ಯೋಚಿಸಿ. ಹಗ್ಗ ಅಥವಾ ಕಟ್ಟುವ ಪಟ್ಟಿ, ಒಂದು ಹಳೇ ಚಾದರ ಗಾಡಿಯಲ್ಲೇ ಇಟ್ಟಿರಿ.

4. ಷೋರೂಮಿನಲ್ಲಿ: ನೋಡುವುದಲ್ಲ, ಪರೀಕ್ಷೆ ಮಾಡುವುದು

ಇಂಥ ಅಂಗಡಿಗಳಲ್ಲಿ ದಾರಿ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಸುತ್ತಿಕೊಂಡು ಹೋಗುತ್ತದೆ, ಎಲ್ಲ ವಿಭಾಗದ ಮುಂದೆಯೂ ಹಾದು ಹೋಗಲಿ ಅಂತ. ನಡುನಡುವೆ ಅಡ್ಡದಾರಿಗಳಿರುತ್ತವೆ, ಬಾಗಿಲ ಹತ್ತಿರದ ನಕ್ಷೆಯಲ್ಲಿ ಅವನ್ನು ತೋರಿಸಿರುತ್ತಾರೆ. ಮೊದಲ ಸಲ ಹೋದವರು ಪೂರ್ತಿ ಸುತ್ತಿ, ಅದು ಚೆಂದವೇ. ಬರೀ ಒಂದು ಮಂಚಕ್ಕೆ ಹೋಗಿದ್ದರೆ ನಕ್ಷೆಯ ಫೋಟೋ ತೆಗೆದುಕೊಂಡು ಅಡ್ಡದಾರಿ ಹಿಡಿಯಿರಿ.

ಒಂದು ಎಚ್ಚರಿಕೆ. ಅಷ್ಟು ಎತ್ತರದ ಚಾವಣಿಯ ಕೆಳಗೆ, ಅಷ್ಟು ದೊಡ್ಡ ಜಾಗದಲ್ಲಿ ಯಾವ ಫರ್ನಿಚರೂ ಅದರ ನಿಜವಾದ ಗಾತ್ರಕ್ಕಿಂತ ಚಿಕ್ಕದಾಗೇ ಕಾಣುತ್ತದೆ. ಕಣ್ಣನ್ನು ನಂಬಬೇಡಿ, ಟೇಪನ್ನು ನಂಬಿ. ಬೆಳಕೂ ಅಷ್ಟೇ. ಅಲ್ಲಿನ ಹಳದಿ ಬೆಳಕಿನಲ್ಲಿ ಬೆಚ್ಚಗೆ ಕಂಡ ಕಂದು ಬಣ್ಣ ನಿಮ್ಮ ಮನೆಯ ಬಿಳಿ ಟ್ಯೂಬ್‌ಲೈಟಿನಲ್ಲಿ ಬೇರೆಯೇ ಕಾಣಬಹುದು.

ಅಲ್ಲಿ ಇಟ್ಟಿರುವ ಸಾಮಾನನ್ನು ದಿನವೂ ನೂರಾರು ಜನ ಮುಟ್ಟಿ, ಎಳೆದು, ಕೂತು ಹೋಗಿರುತ್ತಾರೆ. ಇದು ನಿಮಗೆ ಪುಕ್ಕಟೆ ಸಿಗುವ ಮಾಹಿತಿ, ನಾನಂತೂ ಷೋರೂಮಿಗೆ ಹೋಗುವುದೇ ಇದಕ್ಕೆ. ಸೋಫಾದ ಸೀಟು ತಗ್ಗಾಗಿದೆಯಾ? ಬಟ್ಟೆಯಲ್ಲಿ ಸಣ್ಣ ಸಣ್ಣ ಗಂಟು ಎದ್ದಿದೆಯಾ? ಡ್ರಾಯರಿನ ಮುಂಭಾಗ ಜೋತು ಬಿದ್ದಿದೆಯಾ? ಟೇಬಲ್ಲಿನ ಅಂಚಿನ ಪಟ್ಟಿ ಬಿಟ್ಟುಕೊಂಡಿದೆಯಾ? ಅಲ್ಲಿ ಸವೆದಿರುವ ಜಾಗದಲ್ಲೇ ನಿಮ್ಮ ಮನೆಯಲ್ಲೂ ಸವೆಯುತ್ತದೆ. ಡ್ರಾಯರನ್ನು ಪೂರ್ತಿ ಎಳೆದು ತುದಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ನೋಡಿ. ಬಾಗಿಲನ್ನು ಮೆಲ್ಲಗೆ ಮುಚ್ಚಿ, ತಾನಾಗೇ ಸೇರಿಕೊಳ್ಳುತ್ತದಾ ನೋಡಿ. ಕಪಾಟನ್ನು ಪಕ್ಕಕ್ಕೆ ಅಲುಗಾಡಿಸಿ ನೋಡುವ ಮುಂಚೆ ಅದರ ಹಿಂದೆ ಇಣುಕಿ. ಷೋರೂಮಿನಲ್ಲಿ ಎತ್ತರದ ಸಾಮಾನುಗಳನ್ನು ಗೋಡೆಗೆ ಬಿಗಿದಿರುತ್ತಾರೆ, ಹಾಗಾಗಿ ಅದು ಅಲುಗಾಡದೇ ನಿಂತಿದೆ ಅಂದ ಮಾತ್ರಕ್ಕೆ ಸ್ವಂತ ಬಲದ ಮೇಲೆ ನಿಂತಿದೆ ಅಂತಲ್ಲ.

ಹಾಸಿಗೆಯ ಮೇಲೆ ಸುಮ್ನೆ ಕೈ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಮಲಗಿ, ನಿಮ್ಮ ಮಾಮೂಲು ಭಂಗಿಯಲ್ಲಿ, ಹತ್ತು ನಿಮಿಷ. ಸಂಕೋಚ ಬೇಡ, ಅದು ಇರುವುದೇ ಅದಕ್ಕೆ. ಬೆನ್ನಿಗೆ ಏನನಿಸುತ್ತದೆ ಅಂತ ಆಮೇಲೆ ಗೊತ್ತಾಗುತ್ತದೆ.

5. ಚೀಟಿಯನ್ನು ಪೂರ್ತಿ ಓದಿ

ಪ್ರತಿ ವಸ್ತುವಿಗೂ ನೇತು ಹಾಕಿದ ಚೀಟಿ ಇರುತ್ತದೆ. ಹೆಸರು, ನಂಬರು, ಬೆಲೆ, ಅಳತೆ, ಯಾವ ಪದಾರ್ಥ, ಮತ್ತೆ ಗೋದಾಮಿನಲ್ಲಿ ಯಾವ ಸಾಲು, ಯಾವ ಜಾಗ. ಇದರ ಫೋಟೋ ತೆಗೆಯಿರಿ, ಅಂಕಿಗಳು ಸ್ಪಷ್ಟವಾಗಿ ಕಾಣಬೇಕು. ಕೆಲವಕ್ಕೆ ಸಾಲಿನ ನಂಬರಿನ ಬದಲು ಸಿಬ್ಬಂದಿಯನ್ನು ಕೇಳಿ ಅಂತ ಇರುತ್ತದೆ. ಅಂಥದ್ದನ್ನು ನೀವಾಗಿ ಎತ್ತಿಕೊಳ್ಳಲು ಆಗುವುದಿಲ್ಲ. ಅಲ್ಲೇ ಕೌಂಟರಿನಲ್ಲಿ ಆರ್ಡರ್ ಮಾಡಿಸಿ, ಹಣ ಕಟ್ಟಿದ ಮೇಲೆ ಇನ್ನೊಂದು ಕಡೆ ತಗೊಳ್ಳಬೇಕು. ಇದು ಗೊತ್ತಿಲ್ಲದೆ ಕೆಳಗೆ ಗೋದಾಮಿಗೆ ಇಳಿದು, ಮತ್ತೆ ಮೇಲೆ ಹತ್ತಿ ಬರುವವರು ತುಂಬ ಜನ.

ಬೆಲೆಯ ಮುಂದೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಏನೇನಕ್ಕೆ? ದೊಡ್ಡ ಅಕ್ಷರದಲ್ಲಿ ಬರೆದ ಬೆಲೆ ಬರೀ ಮಂಚದ ಚೌಕಟ್ಟಿಗೆ ಇರಬಹುದು. ಹಾಸಿಗೆಯನ್ನು ಹೊರುವ ಅಡಿಯ ಪಟ್ಟಿಗಳು ಬೇರೆ, ಹಾಸಿಗೆ ಬೇರೆ, ಕೆಲವು ಮಾದರಿಗಳಲ್ಲಿ ನಡುವಿನ ತೊಲೆಯೂ ಬೇರೆ. ಸೋಫಾಕ್ಕೆ ಹೊದಿಕೆ ಬೇರೆ ಇರಬಹುದು. ಟೇಬಲ್ ಹಲಗೆಗೆ ಕಾಲು ಬೇರೆ. ಬೀರುವಿಗೆ ಬಾಗಿಲು, ಒಳಗಿನ ಡ್ರಾಯರು, ಬಟ್ಟೆ ತೂಗುವ ಸರಳು, ಹಿಡಿಕೆ ಎಲ್ಲಕ್ಕೂ ಬೇರೆ ಬೇರೆ ನಂಬರು. ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ "ಇಲ್ಲಿ ತೋರಿಸಿರುವ ಜೋಡಣೆಯ ಒಟ್ಟು ಬೆಲೆ" ಅಂತ ಇನ್ನೊಂದು ಅಂಕಿ ಇರುತ್ತದೆ. ಹೋಲಿಸಿ ನೋಡಬೇಕಾದ್ದು ಅದನ್ನು. ಮಂಚ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ ಕೊಳ್ಳುವವರು ಹಾಸಿಗೆಯ ಅಳತೆಯನ್ನು ಎರಡು ಸಲ ನೋಡಿ. ಎರಡು ಅಂಗಡಿಯ "ಡಬಲ್" ಒಂದೇ ಅಳತೆ ಇರುವುದಿಲ್ಲ.

6. ಯಾವ ಹಲಗೆ, ಎಷ್ಟು ಬಾಳಿಕೆ

ಚೀಟಿಯಲ್ಲಿ ಪಾರ್ಟಿಕಲ್ ಬೋರ್ಡ್ ಅಂತ ಇದ್ದರೆ ಅದು ಮರದ ಚೂರುಗಳನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ಮೇಲೆ ತೆಳುವಾದ ಹಾಳೆಯೋ, ಮೆಲಮೈನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪದರವೋ, ನಿಜವಾದ ಮರದ ತೆಳು ಪದರವೋ ಇರುತ್ತದೆ. ಒಣ ಜಾಗದಲ್ಲಿ ಚೆನ್ನಾಗೇ ಬಾಳುತ್ತದೆ. ಅದರ ಶತ್ರು ನೀರು. ಅಂಚಿನಿಂದ ನೀರು ಒಳಗೆ ಹೋದರೆ ಉಬ್ಬುತ್ತದೆ, ಆಮೇಲೆ ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಎಂಡಿಎಫ್ ಅಂದರೆ ಇನ್ನೂ ನುಣ್ಣಗಿನ ನಾರಿನಿಂದ ಮಾಡಿದ್ದು, ಮೇಲ್ಮೈ ನಯ, ಬಣ್ಣ ಚೆನ್ನಾಗಿ ಕೂರುತ್ತದೆ, ಆದರೆ ನೀರಿನ ವಿಷಯದಲ್ಲಿ ಕಥೆ ಹೆಚ್ಚು ಕಡಿಮೆ ಅದೇ. ತುಂಬ ಹಗುರವಾದ ದಪ್ಪ ಹಲಗೆ ಕಂಡರೆ ಒಳಗೆ ಜೇನುಗೂಡಿನಂಥ ರಟ್ಟು ತುಂಬಿರುತ್ತದೆ. ಅಂಥ ಟೇಬಲ್ಲಿನ ಮೇಲೆ ಕಾಫಿ ಲೋಟ ಇಡಿ, ಪರವಾಗಿಲ್ಲ. ಅದಕ್ಕೆ ಮಧ್ಯದಲ್ಲಿ ಸ್ಕ್ರೂ ಹೊಡೆದು ಏನೋ ಬಿಗಿಯಲು ಹೋದರೆ ಸ್ಕ್ರೂಗೆ ಹಿಡಿಯಲು ಏನೂ ಸಿಗುವುದಿಲ್ಲ. ಪೂರ್ತಿ ಪೈನ್ ಮರದಲ್ಲೇ ಮಾಡಿದ್ದು ಸ್ವಲ್ಪ ಒರಟು ಕಾಣಬಹುದು, ಆದರೆ ಉಜ್ಜಿ ಮತ್ತೆ ಬಣ್ಣ ಹಾಕಬಹುದು, ಬಿಚ್ಚಿ ಜೋಡಿಸಿದರೂ ತಡೆಯುತ್ತದೆ. ಮನೆ ಬದಲಾಯಿಸುತ್ತಲೇ ಇರುವವರಿಗೆ ನಾನು ಹೇಳುವುದು ಇದನ್ನೇ: ಪಾರ್ಟಿಕಲ್ ಬೋರ್ಡಿನ ಬೀರುವನ್ನು ಒಂದೆರಡು ಸಲ ಬಿಚ್ಚಿ ಕಟ್ಟುವಷ್ಟರಲ್ಲಿ ಸ್ಕ್ರೂ ತೂತು ಸಡಿಲವಾಗುತ್ತದೆ.

ಪುಸ್ತಕ ಇಡುವವರಿಗೆ ಒಂದು ಲೆಕ್ಕ. ಒಂದೇ ದಪ್ಪದ ಹಲಗೆಯ ಮೇಲೆ ಉದ್ದಕ್ಕೂ ಪುಸ್ತಕ ಜೋಡಿಸಿದರೆ, ಹಲಗೆಯ ಉದ್ದ ಎರಡು ಪಟ್ಟಾದಾಗ ಅದು ಬಾಗುವುದು ಎರಡು ಪಟ್ಟಲ್ಲ, 16 ಪಟ್ಟು. ಅದಕ್ಕೇ 80 ಸೆಂ.ಮೀ. ಅಗಲದ ಕಪಾಟಿನ ಹಲಗೆ ಕೆಲವು ವರ್ಷದಲ್ಲಿ ನಡುವೆ ಜಗ್ಗಿ, 40 ಸೆಂ.ಮೀ.ನದು ನೆಟ್ಟಗೇ ಇರುವುದು. ಐಕಿಯಾದ 1979ರಿಂದ ಬಂದಿರುವ ಬಿಲ್ಲಿ ಕಪಾಟು ಈ ಎರಡೂ ಅಗಲದಲ್ಲಿ ಇದೆ. ದಪ್ಪ ದಪ್ಪ ಪುಸ್ತಕ ಇರುವವರು ಅಗಲದ್ದು ಒಂದರ ಬದಲು ಸಣ್ಣದು ಎರಡು ತಗೊಂಡರೆ ಖರ್ಚು ಜಾಸ್ತಿ, ಆದರೆ ಹಲಗೆ ಬಾಗುವುದಿಲ್ಲ. ಒಂದು ಹಲಗೆ ಎಷ್ಟು ಕಿಲೋ ತಡೆಯುತ್ತದೆ ಅಂತ ವಸ್ತುವಿನ ಪುಟದಲ್ಲೇ ಬರೆದಿರುತ್ತಾರೆ, ಅದನ್ನು ನೋಡದೆ ಕೊಳ್ಳಬೇಡಿ.

7. ಸಣ್ಣ ಸಾಮಾನಿನ ವಿಭಾಗ

ಷೋರೂಮ್ ಮುಗಿದ ಮೇಲೆ ಪಾತ್ರೆ, ದೀಪ, ಮೇಣದಬತ್ತಿ, ಡಬ್ಬಿಗಳ ಲೋಕ ಬರುತ್ತದೆ. ಪಟ್ಟಿಯಲ್ಲಿ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ನಡೆಯುತ್ತಿರಿ. ಕಡಿಮೆ ಬೆಲೆಯ ಹತ್ತು ಸಾಮಾನು ಸೇರಿ ಒಂದು ಒಳ್ಳೆಯ ಕುರ್ಚಿಯ ದುಡ್ಡಾಗುತ್ತದೆ.

8. ಗೋದಾಮಿನಲ್ಲಿ

ನಿಜವಾದ ಖರೀದಿ ನಡೆಯುವುದು ಇಲ್ಲಿ. ಮೊದಲ ಕೆಲಸ, ಸಣ್ಣ ಸಾಮಾನಿನ ಟ್ರಾಲಿ ಬಿಟ್ಟು ಚಪ್ಪಟೆ ಟ್ರಾಲಿ ತಗೊಳ್ಳಿ. ಫೋಟೋದಲ್ಲಿರುವ ಸಾಲಿನ ನಂಬರಿಗೆ ಹೋಗಿ, ಆ ಸಾಲಿನಲ್ಲಿ ಜಾಗದ ನಂಬರು ಹುಡುಕಿ, ಪೆಟ್ಟಿಗೆಯ ಮೇಲಿನ ಎಂಟೂ ಅಂಕಿಯನ್ನು ನಿಮ್ಮ ಫೋಟೋದ ಜೊತೆ ಒಬ್ಬರು ಓದಿ, ಇನ್ನೊಬ್ಬರು ನೋಡಿ ತಾಳೆ ಮಾಡಿ. ಕೊನೆಯ ಎರಡು ಅಂಕಿ ಬೇರೆ ಇದ್ದರೂ ಅದು ಬೇರೆ ವಸ್ತು. ಬಿಳಿಯ ಬದಲು ಕಂದು ಮನೆಗೆ ಬರುವುದು ಹೀಗೇ.

ಪೆಟ್ಟಿಗೆಯ ಮೇಲೆ 1/2, 2/2 ಅಂತ ಇದೆಯಾ ನೋಡಿ. ಇದ್ದರೆ ಎರಡೂ ಬೇಕು. ಎರಡನೆಯದು ಪಕ್ಕದಲ್ಲೇ ಇರಬೇಕೆಂದಿಲ್ಲ, ಬೇರೆ ಸಾಲಿನಲ್ಲೂ ಇರಬಹುದು.

ಮೇಲೆ ಸಿಕ್ಕಿದ ಪೆಟ್ಟಿಗೆಯನ್ನೇ ಎಳೆದುಕೊಳ್ಳಬೇಡಿ. ನಾಲ್ಕೂ ಮೂಲೆಯ ಮೇಲೆ ಬೆರಳಾಡಿಸಿ. ಮೂಲೆ ಮೆತ್ತಗಾಗಿ ಜಜ್ಜಿ ಹೋಗಿದ್ದರೆ ಒಳಗಿನ ಹಲಗೆಯ ಮೂಲೆಯೂ ಪುಡಿಯಾಗಿರುವ ಸಂಭವ ಇದೆ, ಪಾರ್ಟಿಕಲ್ ಬೋರ್ಡಿನ ದುರ್ಬಲ ಜಾಗವೇ ಮೂಲೆ. ಅಂಟು ಪಟ್ಟಿಯನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದ ಹಾಗೆ ಕಂಡರೆ, ನೀರಿನ ಕಲೆ ಇದ್ದರೆ, ಪೆಟ್ಟಿಗೆಯನ್ನು ಓರೆ ಮಾಡಿದಾಗ ಒಳಗೆ ಸಡಿಲವಾಗಿ ಏನೋ ಉರುಳಿದರೆ ಅದನ್ನು ಬಿಟ್ಟು ಬೇರೆ ತಗೊಳ್ಳಿ. ಒಂದೇ ಕಪಾಟು ಮೂರು ನಾಲ್ಕು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ತಯಾರಿಕೆಯ ಮುದ್ರೆ ಒಂದೇ ಇರುವುದನ್ನು ಆರಿಸಿ. ಪಕ್ಕಪಕ್ಕ ನಿಲ್ಲಿಸಿದಾಗ ಬಣ್ಣದಲ್ಲಿ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ, ಮರದ ಪದರ ಇರುವುದರಲ್ಲಂತೂ ಇನ್ನೂ ಜಾಸ್ತಿ.

ಎತ್ತುವ ಮುಂಚೆ ತೂಕ ಓದಿ. 40 ಕಿಲೋ ಪೆಟ್ಟಿಗೆ ತೆಳ್ಳಗೆ ಕಂಡು ಮೋಸ ಮಾಡುತ್ತದೆ. ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು, ಇಬ್ಬರೂ ಒಟ್ಟಿಗೆ ಎತ್ತಿ. ಎತ್ತರದಲ್ಲಿ ಇರುವುದನ್ನು ಸಿಬ್ಬಂದಿಯೇ ಇಳಿಸಿ ಕೊಡಲಿ, ನೀವು ಹತ್ತಬೇಡಿ. ಭಾರದ್ದು ಕೆಳಗೆ, ಕನ್ನಡಿ ಗಾಜು ಎಲ್ಲಕ್ಕಿಂತ ಕೊನೆಗೆ, ಅದೂ ನಿಲ್ಲಿಸಿ. ಬಾರ್‌ಕೋಡು ಹೊರಗೆ ಕಾಣುವ ಹಾಗೆ ಜೋಡಿಸಿದರೆ ಬಿಲ್ ಹಾಕಿಸುವಾಗ ಒಂದೊಂದನ್ನೂ ಮತ್ತೆ ಎತ್ತುವ ಕಷ್ಟ ಇಲ್ಲ.

9. ಕಡಿಮೆ ಬೆಲೆಯ ಮೂಲೆ

ಷೋರೂಮಿನಲ್ಲಿ ಇಟ್ಟಿದ್ದು, ವಾಪಸ್ ಬಂದದ್ದು, ಸ್ವಲ್ಪ ಗೀರು ಬಿದ್ದದ್ದು ಎಲ್ಲ ಕಡಿಮೆ ಬೆಲೆಗೆ ಸಿಗುವ ಜಾಗ ಒಂದಿರುತ್ತದೆ, ಸಾಮಾನ್ಯವಾಗಿ ಬಿಲ್ ಕೌಂಟರಿನ ಹತ್ತಿರ. ಒಳ್ಳೆಯ ಸಾಮಾನು ಸಿಗುತ್ತದೆ, ನನಗೆ ಇಷ್ಟದ ಜಾಗ. ಆದರೆ ಪೆಟ್ಟಿಗೆಯ ಮಾತು ಇಲ್ಲಿ ತಿರುಗುಮುರುಗಾಗುತ್ತದೆ. ಇದು ಜೋಡಿಸಿದ ಸಾಮಾನು. ಕಾರಿನಲ್ಲಿ, ಲಿಫ್ಟಿನಲ್ಲಿ, ಬಾಗಿಲಿನಲ್ಲಿ ಹಾಗೇ ಹೋಗಬೇಕು. ಅಂಟು ಹಾಕಿದ್ದರೆ, ಹಿಂದಿನ ಹಾಳೆಗೆ ಮೊಳೆ ಹೊಡೆದಿದ್ದರೆ ಬಿಚ್ಚುವುದೂ ಕಷ್ಟ. ಗೋಡೆಗೆ ಬಿಗಿಯುವ ಪಟ್ಟಿ, ಹಲಗೆಯ ಪಿನ್ನುಗಳು ಎಲ್ಲ ಇವೆಯಾ ಎಣಿಸಿ. ಇಲ್ಲಿ ಕೊಂಡದ್ದನ್ನು ಬಹಳ ಕಡೆ ವಾಪಸ್ ತಗೊಳ್ಳುವುದಿಲ್ಲ, ಕೇಳಿಕೊಂಡೇ ಹಣ ಕೊಡಿ.

10. ಬಿಲ್, ಸಾಗಣೆ

ಬಿಲ್ಲಿನಲ್ಲಿ ಇರುವ ಪೆಟ್ಟಿಗೆಗಳನ್ನೂ ಟ್ರಾಲಿಯಲ್ಲಿ ಇರುವುದನ್ನೂ ಅಲ್ಲೇ ಎಣಿಸಿ. ಬಿಲ್ಲಿನ ಫೋಟೋ ತೆಗೆಯಿರಿ, ಕಾಗದದ ಬಿಲ್ಲಿನ ಶಾಯಿ ಬೇಗ ಅಳಿಸಿ ಹೋಗುತ್ತದೆ. ವಾಪಸ್ ಮಾಡಲು ಎಷ್ಟು ದಿನ, ಪೆಟ್ಟಿಗೆ ತೆರೆದಿದ್ದರೆ ಆಗುತ್ತದಾ, ಜೋಡಿಸಿದ್ದರೆ ಆಗುತ್ತದಾ ಅನ್ನುವ ನಿಯಮ ಬೇರೆ ಬೇರೆ ಇರುತ್ತದೆ.

ಡೆಲಿವರಿ ತಗೊಂಡರೆ ಒಂದೇ ಪ್ರಶ್ನೆ ಸ್ಪಷ್ಟವಾಗಿ ಕೇಳಿ: ಮನೆಯ ಕೋಣೆಯವರೆಗೆ ತಂದು ಕೊಡುತ್ತೀರಾ, ಇಲ್ಲ ಗೇಟಿನ ಹತ್ತಿರ ಇಳಿಸಿ ಹೋಗುತ್ತೀರಾ? ಬಂದಾಗ ಸಹಿ ಹಾಕುವ ಮುಂಚೆ ಪೆಟ್ಟಿಗೆಗಳನ್ನು ಎಣಿಸಿ, ಜಜ್ಜಿದ್ದರ ಫೋಟೋ ತೆಗೆಯಿರಿ. ಸ್ವಂತ ಕಾರಿನಲ್ಲಿ ತರುವುದಾದರೆ ಉದ್ದದ ಪೆಟ್ಟಿಗೆ ಗಟ್ಟಿಯಾಗಿ ಕಟ್ಟಿರಲಿ. ಗಕ್ಕನೆ ಬ್ರೇಕ್ ಹಾಕಿದಾಗ ಅದು ಮುಂದೆ ಕೂತವರ ತಲೆಯ ಕಡೆಗೇ ಬರುತ್ತದೆ.

11. ಜೋಡಣೆ

ಎಲ್ಲಿ ನಿಲ್ಲಬೇಕೋ ಆ ಕೋಣೆಯಲ್ಲೇ ಜೋಡಿಸಿ. ಬಿಚ್ಚಿದ ರಟ್ಟನ್ನು ನೆಲಕ್ಕೆ ಹಾಸಿದರೆ ನೆಲವೂ ಉಳಿಯುತ್ತದೆ, ಹಲಗೆಯೂ ಉಳಿಯುತ್ತದೆ. ಕತ್ತರಿ ಚಾಕುವನ್ನು ಆಳವಾಗಿ ಆಡಿಸಬೇಡಿ, ಮೊದಲ ಗೀರು ಬೀಳುವುದು ಪೆಟ್ಟಿಗೆ ತೆರೆಯುವಾಗಲೇ.

ಕೈಪಿಡಿಯಲ್ಲಿ ಮಾತಿಲ್ಲ, ಬರೀ ಚಿತ್ರ. ಆದ್ದರಿಂದ ಚಿತ್ರವನ್ನು ಓದುವುದು ಕಲಿಯಬೇಕು. ಮೊದಲಿಂದ ಕೊನೆಯವರೆಗೆ ಒಮ್ಮೆ ತಿರುವಿ ಹಾಕಿ. ಪ್ರತಿ ಹೆಜ್ಜೆಯಲ್ಲೂ ನೋಡಬೇಕಾದ್ದು ಎರಡು: ತೂತುಗಳು ಯಾವ ಅಂಚಿಗೆ ಹತ್ತಿರ ಇವೆ, ಮತ್ತು ಬಣ್ಣ ಹಚ್ಚದ ಅಂಚು ಯಾವ ಕಡೆಗಿದೆ. ಹಲಗೆ ತಿರುಗುಮುರುಗು ಕೂತು, ನಾಲ್ಕು ಹೆಜ್ಜೆ ಆದ ಮೇಲೆ ಗೊತ್ತಾಗುವುದು ಬಹುತೇಕ ಇದರಿಂದಲೇ. ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲಿಗೆ ಹಾಕಿ ಎಣಿಸಿ. ನೋಡಲು ಒಂದೇ ತರ ಇದ್ದು ಉದ್ದದಲ್ಲಿ ಸ್ವಲ್ಪವೇ ವ್ಯತ್ಯಾಸ ಇರುವುದು ಇರುತ್ತದೆ, ಉದ್ದದ್ದನ್ನು ತಪ್ಪು ಕಡೆ ಹಾಕಿದರೆ ಹಲಗೆಯ ಇನ್ನೊಂದು ಬದಿಯಿಂದ ಅದರ ತುದಿ ಹೊರಗೆ ಬರುತ್ತದೆ.

ಹಲಗೆಯ ದುಂಡು ತೂತಿನಲ್ಲಿ ಕೂರುವ ಲೋಹದ ಬಿಲ್ಲೆಗೆ ಕ್ಯಾಮ್ ಲಾಕ್ ಅನ್ನುತ್ತಾರೆ. ಅದರ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಬಾಣ ಹಲಗೆಯ ಅಂಚಿನ ಕಡೆ, ಅಂದರೆ ಬೋಲ್ಟು ಬರುವ ದಿಕ್ಕಿಗೆ ನೋಡುತ್ತಿರಬೇಕು. ಬೋಲ್ಟಿನ ತಲೆ ಒಳಗೆ ಕೂತ ಮೇಲೆ ಸುಮಾರು ಅರ್ಧ ಸುತ್ತು ತಿರುಗಿಸಿದರೆ ಬಿಗಿಯಾಗುತ್ತದೆ. ಅದರಾಚೆ ಬಲ ಹಾಕಿದರೆ ಸುತ್ತಲಿನ ಹಲಗೆ ಪುಡಿಯಾಗುತ್ತದೆ. ಪವರ್ ಡ್ರಿಲ್ ಬಳಸುವವರು ಅತಿ ಕಡಿಮೆ ಬಲಕ್ಕೆ ಇಟ್ಟು, ಕೊನೆಯ ಸುತ್ತನ್ನು ಕೈಯಲ್ಲೇ ಹಾಕಿ. ಸ್ಕ್ರೂ ತಲೆಯಲ್ಲಿ ದೊಡ್ಡ ಅಡ್ಡಗೀಟಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆ ಕಂಡರೆ ಅದು ಪೋಝಿಡ್ರೈವ್, ಅದಕ್ಕೆ ಅದರದ್ದೇ ಸ್ಕ್ರೂಡ್ರೈವರ್ ಬೇಕು. ಮಾಮೂಲು ಫಿಲಿಪ್ಸ್ ಹಾಕಿದರೆ ಜಾರಿ ತಲೆ ಸವೆಯುತ್ತದೆ.

ಯಾವ ಸ್ಕ್ರೂವನ್ನೂ ಮೊದಲೇ ಪೂರ್ತಿ ಬಿಗಿಯಬೇಡಿ. ಎಲ್ಲ ಜೋಡಿಸಿ, ಹಿಂದಿನ ತೆಳು ಹಾಳೆಗೆ ಮೊಳೆ ಹೊಡೆಯುವ ಮುಂಚೆ ಟೇಪು ಹಿಡಿದು ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಮೂಲೆಗಳು ನೇರ ಇವೆ. ವ್ಯತ್ಯಾಸ ಇದ್ದರೆ ಜಾಸ್ತಿ ಇರುವ ಕರ್ಣದ ಮೂಲೆಗಳನ್ನು ಒಳಕ್ಕೆ ಮೆಲ್ಲಗೆ ಒತ್ತಿ ಸರಿ ಮಾಡಿ, ಆಮೇಲೆ ಮೊಳೆ. ಆ ಹಾಳೆ ಬರೀ ಹಿಂಭಾಗ ಮುಚ್ಚಲು ಇರುವುದಲ್ಲ, ಇಡೀ ಕಪಾಟು ಸೊಟ್ಟಗಾಗದ ಹಾಗೆ ಹಿಡಿದಿಡುವುದು ಅದೇ. ಬಾಗಿಲುಗಳ ನಡುವಿನ ಸಂದು ಕೆಳಗೆ ಅಗಲ, ಮೇಲೆ ಕಿರಿದು ಆಗಿ ಕಾಣುತ್ತಿದ್ದರೆ ಬಾಗಿಲಿನ ತಪ್ಪಲ್ಲ, ಹೆಚ್ಚಾಗಿ ಮೂಲೆಮಟ್ಟದ ತಪ್ಪು ಅಥವಾ ನೆಲ ಸಮ ಇಲ್ಲದ್ದು.

12. ಗೋಡೆಗೆ ಬಿಗಿಯಿರಿ, ದಯವಿಟ್ಟು

ಇದನ್ನು ಯಾರೂ ಬಿಡಬಾರದು. ಬರೀ ಡ್ರಾಯರುಗಳೇ ಇರುವ ಬೀರುವಿನಲ್ಲಿ ಎರಡು ಮೂರು ಡ್ರಾಯರು ಒಟ್ಟಿಗೆ ಎಳೆದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮಗು ಅದನ್ನು ಮೆಟ್ಟಿಲಿನ ಹಾಗೆ ಹತ್ತಿದರೆ ಇಡೀ ಬೀರು ಮಗುವಿನ ಮೇಲೇ ಮಗುಚುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತ ಮೇಲೆ 2016ರಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಯಾವ ಕಂಪನಿಯದ್ದಾದರೂ ಅಪಾಯ ಅದೇ.

ಬಿಗಿಯುವ ಪಟ್ಟಿ ಪೆಟ್ಟಿಗೆಯಲ್ಲೇ ಬರುತ್ತದೆ. ಗೋಡೆಗೆ ಹಾಕುವ ಸ್ಕ್ರೂ ಮಾತ್ರ ಹೆಚ್ಚಾಗಿ ಬರುವುದಿಲ್ಲ, ಯಾಕೆಂದರೆ ಗೋಡೆ ಯಾವುದರದ್ದು ಅಂತ ಅವರಿಗೆ ಗೊತ್ತಿರುವುದಿಲ್ಲ. ಇಟ್ಟಿಗೆ, ಕಾಂಕ್ರೀಟ್ ಗೋಡೆಗೆ ಡ್ರಿಲ್ ಮಾಡಿ, ಸ್ಕ್ರೂ ಕಚ್ಚಿಕೊಳ್ಳಲು ತೂತಿಗೆ ತೂರಿಸುವ ಪ್ಲಾಸ್ಟಿಕ್ ಪ್ಲಗ್ಗು ಹಾಕಿ ಸ್ಕ್ರೂ ಬಿಗಿಯಬೇಕು. ಜಿಪ್ಸಂ ಹಲಗೆಯ ಗೋಡೆಯಾದರೆ ಒಳಗಿನ ಚೌಕಟ್ಟು ಎಲ್ಲಿದೆ ಹುಡುಕಿ ಅದಕ್ಕೇ ಬಿಗಿಯಬೇಕು, ಇಲ್ಲ ಅಂಥ ಗೋಡೆಗೆಂದೇ ಇರುವ ಆ್ಯಂಕರ್ ಬೇಕು. ವೈರು, ನೀರಿನ ಪೈಪು ಹಾದು ಹೋಗುವ ಕಡೆ ಡ್ರಿಲ್ ಮಾಡಬೇಡಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕರೆಸಿ, ಆದರೆ ಅಲ್ಲಿಯವರೆಗೆ ಡ್ರಾಯರು ತುಂಬಿಸಬೇಡಿ. ಟಿವಿಯನ್ನಂತೂ ಅದರ ಮೇಲೆ ಇಡಲೇಬೇಡಿ.

ಸ್ಕ್ರೂ ಒಂದು ಕಡಿಮೆ ಬಂದಿದ್ದರೆ ಗಾಬರಿ ಬೇಡ. ಕೈಪಿಡಿಯಲ್ಲಿ ಪ್ರತಿ ಸಣ್ಣ ಭಾಗದ ಚಿತ್ರದ ಪಕ್ಕದಲ್ಲೂ ಒಂದು ನಂಬರು ಇರುತ್ತದೆ, ಅದನ್ನು ಹೇಳಿದರೆ ಅಂಗಡಿಯ ಸಹಾಯ ಕೌಂಟರಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಒಂದು ತಿಂಗಳು ಬಳಸಿದ ಮೇಲೆ ಮಂಚ, ಕುರ್ಚಿ, ಟೇಬಲ್ಲಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಕಿರುಗುಡುವ ಸದ್ದು ಬಹುಪಾಲು ಇದರಿಂದಲೇ ನಿಲ್ಲುತ್ತದೆ. ಆಲನ್ ಕೀ (ಬೋಲ್ಟು ಬಿಗಿಯುವ ಆರು ಮೂಲೆಯ ಬಗ್ಗಿದ ಕೀಲಿ), ಕೈಪಿಡಿ, ಉಳಿದ ಸ್ಕ್ರೂಗಳನ್ನು ಒಂದು ಕವರಿಗೆ ಹಾಕಿ ಆ ಸಾಮಾನಿನ ಹಿಂಬದಿಗೇ ಟೇಪಿನಿಂದ ಅಂಟಿಸಿಬಿಡಿ. ಮನೆ ಬದಲಾಯಿಸುವಾಗ ಹುಡುಕಬೇಕಾಗಿಲ್ಲ.